ಯಾರದು ಅಲ್ಲಿ ಹೋಗ್ತಿರೋದು? ಮೈನ್‌ಕ್ರಾಫ್ಟ್ ಲೆವೆಲ್‌ನಲ್ಲಿ ಆಟಗಾರರನ್ನು ಪತ್ತೆ ಹಚ್ಚುವ ಸೆನ್ಸರ್‌ಗಳು: ಸಮಗ್ರ ಮಾರ್ಗದರ್ಶಿ

ಒಂದು ಬೇಸಿಗೆ ರಜೆಯಲ್ಲಿ ಅಕ್ಕನ ಮಕ್ಕಳಿಗೆಂದು, ಬ್ಲಾಕ್ ಜೋಡಿಸಿ ಲೋಕ ಕಟ್ಟುವ ಆಟವಾದ ಮೈನ್‌ಕ್ರಾಫ್ಟ್‌ನಲ್ಲಿ ಒಂದು ಕೋಟೆ ಕಟ್ಟಿದೆ. ಕಲ್ಲಿನ ಗೋಡೆ, ಒಬ್ಬರೇ ನುಸುಳುವಷ್ಟು ಕಿಂಡಿ, ಒಳಗೆ ಖಜಾನೆ. ಕಿಂಡಿಯ ಮುಂದೆ ಮರದ ಪ್ರೆಶರ್ ಪ್ಲೇಟ್ ಇಟ್ಟಿದ್ದೆ. ಅದರ ಮೇಲೆ ಕಾಲಿಟ್ಟರೆ ಕಬ್ಬಿಣದ ಬಾಗಿಲು ತೆರೆಯಬೇಕು. ಆಟ ಶುರುವಾಗಿ ಒಂದು ನಿಮಿಷ ಕೂಡ ಆಗಿರಲಿಲ್ಲ. "ಮಾಮಾ, ನಾವಿನ್ನೂ ಹತ್ರ ಹೋಗೇ ಇಲ್ಲ, ಬಾಗಿಲು ತಾನಾಗೇ ತೆಗೀತು!" ಹೋಗಿ ನೋಡಿದರೆ ಪ್ಲೇಟ್ ಮೇಲೆ ಒಂದು ಕೋಳಿ ನಿಂತಿದೆ. ಕೋಳಿ ಓಡಿಸಿದ್ದಾಯಿತು. ಎರಡನೇ ಸಲ ದೊಡ್ಡವನು ದೂರದಿಂದಲೇ ಒಂದು ಮಣ್ಣಿನ ಬ್ಲಾಕ್ ಎಸೆದ. ಬಾಗಿಲು ಮತ್ತೆ ತೆರೆಯಿತು.

ಪ್ಲೇಟ್ ಕೆಟ್ಟಿರಲಿಲ್ಲ. "ನನ್ನ ಮೇಲೆ ಏನಾದರೂ ಇದೆಯಾ?" ಅನ್ನುವ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರ ಕೊಡುತ್ತಿತ್ತು. ನನಗೆ ಬೇಕಿದ್ದ ಪ್ರಶ್ನೆಯೇ ಬೇರೆ: "ಆಟಗಾರ ಬಂದನಾ?" ಸೆನ್ಸರ್ ವಿಷಯದಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ವೈರಿಂಗ್ ಸರಿ ಇರುತ್ತದೆ, ಪ್ರಶ್ನೆ ತಪ್ಪಿರುತ್ತದೆ. ಹಾಗಾಗಿ ಆ ಕೋಟೆಯನ್ನೇ ಇಟ್ಟುಕೊಂಡು, ಯಾವ ಪ್ರಶ್ನೆಗೆ ಯಾವ ಸೆನ್ಸರ್, ಅದನ್ನು ಹೇಗೆ ಕೂರಿಸುವುದು ಅಂತ ಒಂದೊಂದಾಗಿ ಹೇಳುತ್ತೇನೆ. ಕೋಡಿಂಗ್ ಬೇಕಿಲ್ಲ. ಕೊನೆಯಲ್ಲಿ ಕಮಾಂಡ್ ಬ್ಲಾಕ್ (ನಾವು ಬರೆದ ಆಜ್ಞೆಯನ್ನು ನಡೆಸುವ ಬ್ಲಾಕ್) ಬರುತ್ತದೆ, ಬೇಡವಾದರೆ ಅದನ್ನು ಬಿಟ್ಟುಬಿಡಿ.

ಶುರು ಮಾಡುವ ಮುಂಚೆ

ಇಲ್ಲಿರುವ ಲೆಕ್ಕಗಳೆಲ್ಲ ಕಂಪ್ಯೂಟರ್‌ನ ಜಾವಾ ಎಡಿಷನ್‌ಗೆ ಸೇರಿದವು. ಫೋನ್‌ನಲ್ಲಿ ಆಡುವುದು ಬೆಡ್‌ರಾಕ್ ಎಡಿಷನ್. ಅಲ್ಲಿಯೂ ಈ ಬ್ಲಾಕ್‌ಗಳೇ ಇವೆ. ಆದರೆ ಟೈಮಿಂಗ್ ಮತ್ತು ಪಿಸ್ಟನ್ (ಸಿಗ್ನಲ್ ಬಂದರೆ ಮುಂದಿನ ಬ್ಲಾಕನ್ನು ತಳ್ಳುವ ಬ್ಲಾಕ್) ನಡವಳಿಕೆಯಲ್ಲಿ ಅಲ್ಲಲ್ಲಿ ವ್ಯತ್ಯಾಸ ಇರುವುದರಿಂದ ಪ್ರತಿ ಹಂತದಲ್ಲೂ ಪರೀಕ್ಷೆ ಮಾಡಿಕೊಳ್ಳಿ.

ಹೊಸ ವರ್ಲ್ಡ್ ತೆರೆಯಿರಿ. ಎಲ್ಲ ಬ್ಲಾಕ್‌ಗಳೂ ಪುಕ್ಕಟೆ ಸಿಗುವ ಕ್ರಿಯೇಟಿವ್ ಮೋಡ್, ಸಮತಟ್ಟಾದ ಸೂಪರ್‌ಫ್ಲ್ಯಾಟ್ ನೆಲ, ಚೀಟ್ಸ್ ಆನ್. ಡಿಫಿಕಲ್ಟಿ ಪೀಸ್‌ಫುಲ್ ಮಾಡಿದರೆ ಝಾಂಬಿಗಳ ಕಾಟ ಇರುವುದಿಲ್ಲ. ಆದರೆ ನನ್ನ ಕೋಳಿಯಂಥ ಸಾಧು ಪ್ರಾಣಿಗಳು ಪೀಸ್‌ಫುಲ್‌ನಲ್ಲೂ ಇರುತ್ತವೆ. ಅವು ಹೊಸದಾಗಿ ಹುಟ್ಟದಂತೆ ಗೇಮ್ ರೂಲ್‌ನಲ್ಲಿ ಮಾಬ್‌ಗಳ (ಕೋಳಿ, ಝಾಂಬಿಯಂಥ ಜೀವಿಗಳ) ಹುಟ್ಟನ್ನು ಆಫ್ ಮಾಡಿ, ಈಗಾಗಲೇ ಇರುವುದನ್ನು ಓಡಿಸಿ.

ಮೈನ್‌ಕ್ರಾಫ್ಟ್‌ನ ಕರೆಂಟ್ ಅಂದರೆ ರೆಡ್‌ಸ್ಟೋನ್. ಅದರ ಬಗ್ಗೆ ಮೂರು ಮಾತು ನೆನಪಿದ್ದರೆ ಸಾಕು. ಸಿಗ್ನಲ್‌ನ ಬಲ 0ಯಿಂದ 15ರವರೆಗೆ. ವೈರ್‌ನಂತೆ ಹಾಸುವ ರೆಡ್‌ಸ್ಟೋನ್ ಪುಡಿ, ಅಂದರೆ ಡಸ್ಟ್ ಮೇಲೆ ಅದು ಬ್ಲಾಕಿಗೆ ಒಂದರಂತೆ ಇಳಿಯುತ್ತದೆ, ಅಂದರೆ 15 ಬ್ಲಾಕ್ ಆದಮೇಲೆ ಸತ್ತುಹೋಗುತ್ತದೆ. ರಿಪೀಟರ್ ಹಾಕಿದರೆ ಮತ್ತೆ 15 ಆಗುತ್ತದೆ, ಜೊತೆಗೆ 0.1ರಿಂದ 0.4 ಸೆಕೆಂಡ್‌ವರೆಗೆ ನಾವು ಹೇಳಿದಷ್ಟು ತಡವನ್ನೂ ಕೊಡುತ್ತದೆ.

ಮೊದಲ ಪ್ರಶ್ನೆ: ಈ ಜಾಗದಲ್ಲಿ ಯಾರಾದರೂ ನಿಂತಿದ್ದಾರಾ?

ಇದಕ್ಕೆ ಪ್ರೆಶರ್ ಪ್ಲೇಟ್. ನೋಡೋಕೆ ಎಲ್ಲವೂ ಒಂದೇ ಥರ, ಗುಣ ಮಾತ್ರ ಬೇರೆ ಬೇರೆ.

ಮರದ ಪ್ಲೇಟ್‌ಗೆ ಯಾವುದೂ ಆದೀತು. ಆಟಗಾರ, ಕೋಳಿ, ಎಸೆದ ವಸ್ತು, ಬಂದು ಬಿದ್ದ ಬಾಣ, ಎಲ್ಲಕ್ಕೂ ಆನ್ ಆಗುತ್ತದೆ. ಕಲ್ಲಿನ ಪ್ಲೇಟ್ ಸ್ವಲ್ಪ ಬಿಗಿ. ಆಟಗಾರರು ಮತ್ತು ಪ್ರಾಣಿಗಳಂಥ ಜೀವಿಗಳಿಗೆ ಮಾತ್ರ ಆನ್ ಆಗುತ್ತದೆ, ಎಸೆದ ವಸ್ತುವಿಗೆ ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ. ನನ್ನ ಎರಡನೇ ತೊಂದರೆ ಮರ ತೆಗೆದು ಕಲ್ಲು ಇಟ್ಟ ಕೂಡಲೇ ಮುಗಿಯಿತು. ಕೋಳಿಯ ತೊಂದರೆಗೆ ಮಾಬ್‌ಗಳನ್ನು ನಿಲ್ಲಿಸುವುದೇ ಮದ್ದು, ಯಾಕೆಂದರೆ ಆಟಗಾರನನ್ನು ಮಾತ್ರ ಗುರುತಿಸುವ ಪ್ಲೇಟ್ ಅಂತ ಯಾವುದೂ ಇಲ್ಲ.

ಕೂರಿಸುವ ಕ್ರಮ ಹೀಗೆ. ಗೋಡೆಯಲ್ಲಿ ಒಂದು ಬ್ಲಾಕ್ ಅಗಲ, ಎರಡು ಬ್ಲಾಕ್ ಎತ್ತರದ ಕಿಂಡಿ ಬಿಡಿ. ಕಿಂಡಿ ಒಳಗಡೆಗೆ ಕನಿಷ್ಠ ಮೂರು ಬ್ಲಾಕ್ ಉದ್ದ ಇರಲಿ. ನಡುವಿನ ಬ್ಲಾಕ್‌ನಲ್ಲಿ ಕಬ್ಬಿಣದ ಬಾಗಿಲು. ಬಾಗಿಲಿಗೆ ತಾಗಿದಂತೆ ಹೊರಗೊಂದು ಒಳಗೊಂದು ಕಲ್ಲಿನ ಪ್ಲೇಟ್. ವೈರ್ ಬೇಕಾಗಿಲ್ಲ, ಪಕ್ಕದ ಪ್ಲೇಟ್ ಬಾಗಿಲನ್ನು ತಾನೇ ತೆರೆಯುತ್ತದೆ. ಒಳಗಿನ ಪ್ಲೇಟ್ ಮರೆತರೆ ಒಳಹೋದವರು ವಾಪಸ್ ಬರಲಾರರು. (ಅದೇ ನಿಮ್ಮ ಉದ್ದೇಶವಾದರೆ ಮರೆಯಿರಿ.) ಕಾಲು ತೆಗೆದ ಮೇಲೆ ಪ್ಲೇಟ್ ಸುಮಾರು ಒಂದು ಸೆಕೆಂಡ್ ಒತ್ತಿದಂತೆಯೇ ಇರುತ್ತದೆ. ದಾಟಲು ಅಷ್ಟು ಸಾಕು.

ಕಿಂಡಿ ಎರಡೇ ಬ್ಲಾಕ್ ಎತ್ತರ ಇರಲಿ ಅಂದದ್ದು ಸುಮ್ನೆ ಅಲ್ಲ. ಬಯಲಿನಲ್ಲಿ ಪ್ಲೇಟ್ ಇಟ್ಟರೆ ಓಡಿಬಂದು ಜಿಗಿಯುವವನು ಅದನ್ನು ಆರಾಮಾಗಿ ದಾಟುತ್ತಾನೆ. ಪ್ಲೇಟ್ ಗಮನಿಸುವುದು ತನ್ನ ಮೇಲಿನ ಕಾಲು ಬ್ಲಾಕ್ ಎತ್ತರವನ್ನು ಮಾತ್ರ. ಆಟಗಾರನ ಎತ್ತರ 1.8 ಬ್ಲಾಕ್. ಚಾವಣಿ 2 ಬ್ಲಾಕ್‌ನಲ್ಲಿದ್ದರೆ ಎಷ್ಟೇ ಜಿಗಿದರೂ 0.2 ಏರುವಷ್ಟರಲ್ಲಿ ತಲೆ ಬಡಿಯುತ್ತದೆ. ಕಾಲು ಪ್ಲೇಟ್‌ನ ಗಮನದಿಂದ ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ. ಪ್ಲೇಟ್ ಯಾವತ್ತೂ ಇಕ್ಕಟ್ಟಿನ ಜಾಗಕ್ಕೆ.

ಅಡಗಿಸುವುದು ಸುಲಭ. ಕಲ್ಲಿನ ನೆಲದ ಮೇಲೆ ಕಲ್ಲಿನ ಪ್ಲೇಟ್ ಇಟ್ಟರೆ ಬಣ್ಣ ಬೆರೆತುಹೋಗುತ್ತದೆ. ಪ್ಲೇಟ್ ತನ್ನ ಕೆಳಗಿನ ಬ್ಲಾಕ್‌ಗೂ ಪೂರ್ತಿ ಬಲದ ಸಿಗ್ನಲ್ ಕೊಡುತ್ತದೆ. ಹಾಗಾಗಿ ಆ ಬ್ಲಾಕ್‌ನ ಅಡಿಯಲ್ಲಿ ಡಸ್ಟ್ ಹಾಸಿದರೆ ವೈರಿಂಗ್ ಪೂರ್ತಿ ನೆಲದೊಳಗೆ ಹೋಗುತ್ತದೆ.

ಎರಡನೇ ಪ್ರಶ್ನೆ: ಈ ಗೆರೆ ಯಾರಾದರೂ ದಾಟಿದರಾ?

ಪ್ಲೇಟ್ ಒಂದು ಚುಕ್ಕಿ ಇದ್ದ ಹಾಗೆ. ಅಗಲವಾದ ಹಾದಿಗೆ ಗೆರೆ ಬೇಕು. ಅದಕ್ಕೆ ಟ್ರಿಪ್‌ವೈರ್. ಎದುರುಬದುರಾಗಿ ಎರಡು ಕೊಕ್ಕೆ, ನಡುವೆ ದಾರ. ದಾರ 40 ಬ್ಲಾಕ್‌ವರೆಗೂ ಎಳೆಯಬಹುದು. ಏನೇ ತಾಗಿದರೂ ಎರಡೂ ಕೊಕ್ಕೆಗಳಿಂದ 15ರ ಸಿಗ್ನಲ್ ಬರುತ್ತದೆ.

ಮೂರು ಬ್ಲಾಕ್ ಅಗಲದ ಹಜಾರದಲ್ಲಿ ಇದನ್ನು ಹಾಕಿ ನೋಡೋಣ. ಕೊಕ್ಕೆಗಳನ್ನು ಹಜಾರದ ಒಳಗೇ ಗೋಡೆಗೆ ಸಿಕ್ಕಿಸಬೇಡಿ. ಅವು ಜಾಗ ತಿನ್ನುತ್ತವೆ, ಎದ್ದು ಕಾಣುತ್ತವೆ ಕೂಡ. ಎರಡೂ ಗೋಡೆಯಲ್ಲಿ ಒಂದೊಂದು ಬ್ಲಾಕ್ ಅಗೆದು ಗೂಡು ಮಾಡಿ. ಗೂಡಿನ ಹಿಂಗೋಡೆಗೆ ಕೊಕ್ಕೆ. ಆಮೇಲೆ ಹಜಾರದ ಮೂರು ಬ್ಲಾಕ್‌ಗೂ ದಾರ. ಮೂರನೆಯದು ಹಾಕಿದ ಕೂಡಲೇ ಕೊಕ್ಕೆಗಳು ದಾರವನ್ನು ಹಿಡಿದುಕೊಂಡದ್ದು ಕಾಣಿಸುತ್ತದೆ. ಹಿಡಿದುಕೊಳ್ಳದಿದ್ದರೆ ಕೊಕ್ಕೆಗಳು ಒಂದೇ ಎತ್ತರದಲ್ಲಿ, ನೇರ ಎದುರುಬದುರು ಇವೆಯಾ ನೋಡಿ.

ದಾರವನ್ನು ನೆಲದ ಮೇಲೆ ಎಳೆದರೆ ಜಿಗಿದು ದಾಟುತ್ತಾರೆ. ನಾನು ಒಂದು ಬ್ಲಾಕ್ ಮೇಲೆ, ಅಂದರೆ ಆಟಗಾರನ ಎದೆಮಟ್ಟದ ಬ್ಲಾಕ್‌ನಲ್ಲಿ ಎಳೆಯುತ್ತೇನೆ. ನಡೆಯುವವನಿಗೂ ತಾಗುತ್ತದೆ, ಬಗ್ಗಿ ಹೋಗುವವನಿಗೂ ತಾಗುತ್ತದೆ, ಜಿಗಿಯುವವನು ತಪ್ಪಿಸಿಕೊಳ್ಳುವುದು ಬಹಳ ಕಷ್ಟ. ಕಣ್ಣಿಗೆ ಬೀಳುವ ಸಾಧ್ಯತೆ ಸ್ವಲ್ಪ ಜಾಸ್ತಿ, ಅಷ್ಟೇ.

ಕೊಕ್ಕೆ ತಗುಲಿದ ಬ್ಲಾಕ್‌ಗೂ ಸಿಗ್ನಲ್ ಸಿಗುತ್ತದೆ. ಅದರ ಹಿಂದೆ ಡಸ್ಟ್ ಹಾಕಿ, ಗೋಡೆಯೊಳಗಿನ ಡಿಸ್ಪೆನ್ಸರ್‌ಗೆ (ಸಿಗ್ನಲ್ ಬಂದರೆ ಒಳಗಿನದನ್ನು ಹೊರಗೆಸೆಯುವ ಪೆಟ್ಟಿಗೆಗೆ) ಒಯ್ಯಿರಿ. ಡಿಸ್ಪೆನ್ಸರ್‌ನಲ್ಲಿ ಬಾಣ ತುಂಬಿ. ಒಂದು ಸಲ ದಾರ ತಾಗಿದರೆ ಒಂದು ಬಾಣ. ಆ ಬಾಣ ಇನ್ನೊಂದು ದಾರವನ್ನು ತಾಗುವ ಹಾಗೆ ಇಡಬೇಡಿ, ಟ್ರಿಪ್‌ವೈರ್‌ಗೂ ಬಾಣ ಅಂದರೆ ಬಂದವರೇ. ಕತ್ತರಿಯಿಂದ ಕತ್ತರಿಸಿದರೆ ಮಾತ್ರ ದಾರ ಸದ್ದಿಲ್ಲದೆ ಹೋಗುತ್ತದೆ. ಕೈಯಿಂದ ಕಿತ್ತರೆ ಸಿಗ್ನಲ್ ಹೊಡೆದೇ ಹೊಡೆಯುತ್ತದೆ. ಆಟಗಾರರನ್ನು ಬ್ಲಾಕ್ ಒಡೆಯಲು ಬಿಡದ ಅಡ್ವೆಂಚರ್ ಮೋಡ್‌ನಲ್ಲಿ ಇಟ್ಟರೆ ಕಿತ್ತುಹಾಕುವ ಮಾತೇ ಇಲ್ಲ.

ಒಂದು ಮಾತು. ಸುಳಿವೇ ಕೊಡದೆ ಕೊಲ್ಲುವ ಬಲೆ ನನಗೆ ಇಷ್ಟವಿಲ್ಲ. ದಾರಕ್ಕೆ ಎರಡು ಬ್ಲಾಕ್ ಮೊದಲು ನೆಲದ ಬಣ್ಣ ಬದಲಿಸಿ, ಇಲ್ಲವೇ ಎದುರು ಗೋಡೆಯಲ್ಲಿ ಹಳೆಯ ಬಾಣವೊಂದು ನೆಟ್ಟಿರಲಿ. ಸತ್ತವನು "ಅಯ್ಯೋ, ನೋಡಬೇಕಿತ್ತು" ಅನ್ನಬೇಕು, "ಇದೇನು ಮೋಸ" ಅನ್ನಬಾರದು.

ಮೂರನೇ ಪ್ರಶ್ನೆ: ಹತ್ತಿರದಲ್ಲಿ ಯಾರದಾದರೂ ಸದ್ದು ಕೇಳಿಸಿತಾ?

ಚಿತ್ರದುರ್ಗದ ಕಥೆ ನಮಗೆಲ್ಲ ಗೊತ್ತು. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದ ಓಬವ್ವನಿಗೆ ಕಿಂಡಿಯ ಕಡೆಯಿಂದ ಸದ್ದು ಕೇಳಿಸಿತು. ಹೈದರಾಲಿಯ ಸೈನಿಕರು ಆಮೇಲೆ ಕಂಡರು, ಮೊದಲು ಕೇಳಿಸಿದ್ದು. ಮೈನ್‌ಕ್ರಾಫ್ಟ್‌ನಲ್ಲಿ ಓಬವ್ವನ ಕಿವಿಯಂಥ ಬ್ಲಾಕ್ ಒಂದಿದೆ. ಅದೇ ಸ್ಕಲ್ಕ್ ಸೆನ್ಸರ್.

2022ರ ಜೂನ್‌ನಲ್ಲಿ ಬಂದ 1.19 ಆವೃತ್ತಿಯ ಡೀಪ್ ಡಾರ್ಕ್ ಅನ್ನುವ ನೆಲದಾಳದ ಪ್ರದೇಶದ ಜೊತೆಗೆ ಇದು ಎಲ್ಲರ ಕೈಗೆ ಸಿಕ್ಕಿತು. ನನ್ನ ಮಟ್ಟಿಗೆ ಲೆವೆಲ್ ಕಟ್ಟುವವರಿಗೆ ಸಿಕ್ಕ ದೊಡ್ಡ ಉಡುಗೊರೆ. ಸುತ್ತ 8 ಬ್ಲಾಕ್ ದೂರದವರೆಗಿನ ಕಂಪನ ಇದಕ್ಕೆ ಕೇಳಿಸುತ್ತದೆ. ನಡಿಗೆ, ಜಿಗಿದು ಬೀಳುವುದು, ಬಾಗಿಲು ತೆಗೆಯುವುದು, ಬ್ಲಾಕ್ ಇಡುವುದು, ತಿನ್ನುವುದು ಕೂಡ. ಕೇಳಿಸದೇ ಇರುವುದು ಎರಡು. ಒಂದು, ಬಗ್ಗಿ ಮೆಲ್ಲಗೆ ನಡೆಯುವ ಹೆಜ್ಜೆ. ಇನ್ನೊಂದು, ಉಣ್ಣೆ ಬ್ಲಾಕ್ ಅಥವಾ ಉಣ್ಣೆಯ ಕಾರ್ಪೆಟ್ ಮೇಲಿನ ಹೆಜ್ಜೆ. ನಡುವೆ ಉಣ್ಣೆ ಬ್ಲಾಕ್ ಅಡ್ಡ ಇದ್ದರೂ ಕಂಪನ ದಾಟುವುದಿಲ್ಲ.

ಇದರಿಂದಲೇ ಒಂದು ಪೂರ್ತಿ ಒಗಟು ಕಟ್ಟಬಹುದು. ಖಜಾನೆಯ ಕೋಣೆ ಮಾಡಿ. ನಡುವೆ ಚೆಸ್ಟ್. ನೆಲದ ಅಡಿಯಲ್ಲಿ ಸೆನ್ಸರ್. ಕಲ್ಲಿನ ನೆಲ ಕಂಪನವನ್ನು ತಡೆಯುವುದಿಲ್ಲ, ಹಾಗಾಗಿ ಸೆನ್ಸರ್ ಕಾಣದಿದ್ದರೂ ಕೆಲಸ ಮಾಡುತ್ತದೆ. ಅಲ್ಲಲ್ಲಿ ಕಾರ್ಪೆಟ್ ತುಂಡು ಹಾಸಿ, ನಡುನಡುವೆ ಖಾಲಿ ಬಿಡಿ. ಗಮನಿಸಿದವರು ಕಾರ್ಪೆಟ್ ಮೇಲೆ ನಡೆದು, ಖಾಲಿ ಜಾಗದಲ್ಲಿ ಬಗ್ಗಿ ದಾಟುತ್ತಾರೆ. ಓಡಿಬಂದವರಿಗೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಹೇಳೋಕೆ ಸುಲಭ. ಕಟ್ಟಿದ ಮೊದಲ ದಿನ ನನ್ನದು ಹುಚ್ಚು ಹಿಡಿದಂತೆ ಆಡಿತು. ಹೆಜ್ಜೆಯ ಸದ್ದಿಗೆ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದ ಸದ್ದು ಸೆನ್ಸರ್‌ಗೆ ಕೇಳಿಸಿತು. ಸಿಗ್ನಲ್ ಮುಗಿದು ಬಾಗಿಲು ತೆರೆಯಿತು, ಆ ಸದ್ದಿಗೂ ಸೆನ್ಸರ್ ಎಚ್ಚರವಾಯಿತು. ಕೋಣೆಯಲ್ಲಿ ಯಾರೂ ಇಲ್ಲ, ಬಾಗಿಲು ಮಾತ್ರ ಪಟಪಟ ಬಡಿದುಕೊಳ್ಳುತ್ತಿದೆ. ತನ್ನ ನೆರಳಿಗೆ ತಾನೇ ಬೊಗಳುವ ನಾಯಿಯ ಹಾಗೆ.

ಪರಿಹಾರ ಕ್ಯಾಲಿಬ್ರೇಟೆಡ್ ಸ್ಕಲ್ಕ್ ಸೆನ್ಸರ್. 2023ರ ಜೂನ್‌ನಲ್ಲಿ 1.20 ಆವೃತ್ತಿಯೊಂದಿಗೆ ಬಂತು. ಮಾಮೂಲಿ ಸೆನ್ಸರ್‌ಗೆ ಮೂರು ಅಮೆಥಿಸ್ಟ್ ಚೂರು ಸೇರಿಸಿದರೆ ಸಿದ್ಧ. ಇದರ ಕಿವಿ 16 ಬ್ಲಾಕ್ ದೂರ ಹೋಗುತ್ತದೆ. ದೊಡ್ಡ ಗುಣ ಅದಲ್ಲ, ಯಾವ ಸದ್ದು ಕೇಳಬೇಕು ಅಂತ ಇದಕ್ಕೆ ಹೇಳಿಕೊಡಬಹುದು.

ಮೈನ್‌ಕ್ರಾಫ್ಟ್ ಪ್ರತಿ ಸದ್ದಿಗೂ 1ರಿಂದ 15ರವರೆಗೆ ಒಂದು ನಂಬರ್ ಕೊಟ್ಟಿದೆ. ನಮಗೆ ಮುಖ್ಯವಾದವು ಇವು: ಹೆಜ್ಜೆ ಮತ್ತು ಈಜು 1, ನೆಲಕ್ಕೆ ಬೀಳುವುದು 2, ತಿನ್ನುವುದು ಕುಡಿಯುವುದು 8, ಬಾಗಿಲು ಅಥವಾ ಚೆಸ್ಟ್ ಮುಚ್ಚುವುದು 9, ತೆರೆಯುವುದು 10, ಬ್ಲಾಕ್ ಒಡೆಯುವುದು 12, ಬ್ಲಾಕ್ ಇಡುವುದು 13. ಕ್ಯಾಲಿಬ್ರೇಟೆಡ್ ಸೆನ್ಸರ್‌ನ ಒಂದು ಪಕ್ಕ ಬೇರೆ ಥರ ಕಾಣುತ್ತದೆ. ಅದು ಇನ್‌ಪುಟ್. ಆ ಪಕ್ಕಕ್ಕೆ ಎಷ್ಟು ಬಲದ ಸಿಗ್ನಲ್ ಕೊಡುತ್ತೀರೋ ಆ ನಂಬರಿನ ಸದ್ದನ್ನು ಮಾತ್ರ ಅದು ಕೇಳುತ್ತದೆ.

ಹೆಜ್ಜೆ ಮಾತ್ರ ಕೇಳಬೇಕು, ಅಂದರೆ ಇನ್‌ಪುಟ್‌ಗೆ 1 ಬೇಕು. ಸುಲಭದ ದಾರಿ ಹೀಗೆ. ಒಂದು ಬ್ಯಾರೆಲ್ (ವಸ್ತು ಇಡುವ ಪೀಪಾಯಿ) ಇಡಿ. ಒಳಗೆ ಒಂದೇ ಒಂದು ಕಲ್ಲು ಹಾಕಿ. ಬ್ಯಾರೆಲ್‌ನ ಮುಂದೆ, ಅದು ಎಷ್ಟು ತುಂಬಿದೆ ಅನ್ನುವುದನ್ನು ಸಿಗ್ನಲ್ ಆಗಿ ಹೇಳುವ ಕಂಪ್ಯಾರೇಟರ್ ಇಟ್ಟು, ಅದರ ಮೂತಿ ಸೆನ್ಸರ್‌ನ ಇನ್‌ಪುಟ್ ಪಕ್ಕಕ್ಕೆ ತಾಗಿರಲಿ. ಬಹುತೇಕ ಖಾಲಿ ಬ್ಯಾರೆಲ್‌ನಿಂದ ಕಂಪ್ಯಾರೇಟರ್ ಕೊಡುವುದು ಸರಿಯಾಗಿ 1. ಇನ್ನು ಬಾಗಿಲು ಎಷ್ಟೇ ಬಡಿದುಕೊಂಡರೂ ಸೆನ್ಸರ್‌ಗೆ ಅದು 9, 10ರ ಸದ್ದು, ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ.

ತೆರೆಯುವ ಸದ್ದಿನ 10 ಬೇಕಾದರೆ, ಸದಾ ಸಿಗ್ನಲ್ ಕೊಡುವ ರೆಡ್‌ಸ್ಟೋನ್ ಬ್ಲಾಕ್‌ನಿಂದ ಡಸ್ಟ್ ಎಳೆಯಿರಿ. ಮೊದಲ ಡಸ್ಟ್ 15, ಎರಡನೆಯದು 14, ಹೀಗೆ ಆರನೆಯದು 10. ಆರನೇ ಡಸ್ಟ್ ನೇರವಾಗಿ ಇನ್‌ಪುಟ್‌ಗೆ ಹೊಕ್ಕಲಿ.

ಇನ್ನೆರಡು ಕಡೆ ಎಡವಿದ್ದೇನೆ. ಮೊದಲನೆಯದು, ಸೆನ್ಸರ್‌ನ ಸಿಗ್ನಲ್ ದೂರಕ್ಕೆ ತಕ್ಕಂತೆ ಕಮ್ಮಿಯಾಗುತ್ತದೆ. ಪಕ್ಕದಲ್ಲೇ ಹೆಜ್ಜೆ ಬಿದ್ದರೆ ಬಲ ಜಾಸ್ತಿ, ಅಂಚಿನಲ್ಲಿ ಬಿದ್ದರೆ ಡಸ್ಟ್ ಮೇಲೆ ಒಂದೆರಡು ಬ್ಲಾಕ್ ಹೋಗುವಷ್ಟರಲ್ಲಿ ಮುಗಿಯುತ್ತದೆ. ಹಾಗಾಗಿ ಸೆನ್ಸರ್‌ಗೆ ತಾಗಿದಂತೆಯೇ ಒಂದು ರಿಪೀಟರ್ ಇಡಿ. ಎರಡನೆಯದು, ಸೆನ್ಸರ್‌ನ ಕಿವಿ ಸುತ್ತಲೂ ಗೋಲಾಕಾರದಲ್ಲಿ ಹರಡಿರುತ್ತದೆ. ಮೇಲಂತಸ್ತು, ಕೆಳಂತಸ್ತು ಎಲ್ಲ ಅದಕ್ಕೆ ಒಂದೇ. ಚಿಕ್ಕವಳು ಬುರುಜಿನ ಮೇಲೆ ಓಡಾಡುತ್ತಿದ್ದರೆ ಕೆಳಗಿನ ಖಜಾನೆಯ ಬಾಗಿಲು ಮುಚ್ಚುತ್ತಿತ್ತು. ಎರಡು ಅಂತಸ್ತಿನ ನಡುವಿನ ಕಲ್ಲು ಕಿತ್ತು, ಒಂದು ಪದರ ಉಣ್ಣೆ ಹಾಸಿದ ಮೇಲೆ ಸರಿಹೋಯಿತು.

ನಾಲ್ಕನೇ ಪ್ರಶ್ನೆ: ಎಷ್ಟು ಜನ?

ಇಬ್ಬರೂ ಸೇರಿದರೆ ಮಾತ್ರ ತೆರೆಯುವ ಬಾಗಿಲು ಮಕ್ಕಳಿಗೆ ಬಹಳ ಇಷ್ಟ. ಜಗಳವಾಡುತ್ತಿದ್ದವರು ಒಂದಾಗಲೇಬೇಕಲ್ವಾ?

ಚಿನ್ನದ ಪ್ರೆಶರ್ ಪ್ಲೇಟ್ ತಲೆ ಎಣಿಸುತ್ತದೆ. ಒಬ್ಬರು ನಿಂತರೆ ಸಿಗ್ನಲ್ 1, ಇಬ್ಬರಾದರೆ 2. ಇಲ್ಲಿ ಡಸ್ಟ್ ಸವೆಯುವ ಗುಣವೇ ನಮಗೆ ಉಪಯೋಗಕ್ಕೆ ಬರುತ್ತದೆ. ಪ್ಲೇಟ್ ಪಕ್ಕ ಎರಡು ಡಸ್ಟ್ ಹಾಕಿ, ಎರಡನೆಯದಕ್ಕೆ ಮಾತ್ರ ತಾಗಿದಂತೆ ಬಾಗಿಲು ಇಡಿ. ಒಬ್ಬರು ನಿಂತರೆ ಮೊದಲ ಡಸ್ಟ್‌ನಲ್ಲೇ ಸಿಗ್ನಲ್ ಮುಗಿಯುತ್ತದೆ. ಇಬ್ಬರಾದರೆ ಎರಡನೆಯದಕ್ಕೂ ತಲುಪುತ್ತದೆ. ಕಬ್ಬಿಣದ ಪ್ಲೇಟ್ ಕೂಡ ಎಣಿಸುತ್ತದೆ, ಆದರೆ ಹತ್ತರ ಲೆಕ್ಕದಲ್ಲಿ. 1ರಿಂದ 10ರವರೆಗೆ ಅದಕ್ಕೆ ಒಂದೇ. ಮನೆಯಲ್ಲಿ ಅಷ್ಟು ಜನ ಇಲ್ಲದಿದ್ದರೆ ಅದು ಬೇಡ.

ಚಿನ್ನದ ಪ್ಲೇಟ್‌ನ ಕೊರತೆ ಅಂದರೆ ಅದು ವಸ್ತುಗಳನ್ನೂ ಎಣಿಸುತ್ತದೆ. ಒಬ್ಬನೇ ನಿಂತು, ಮೇಲೊಂದು ಕ್ಯಾರೆಟ್ ಎಸೆದರೆ ಎರಡಾಯಿತು. ಮೋಸಕ್ಕೆ ಜಾಗ ಕೊಡಬಾರದು ಅಂದರೆ ಎರಡು ಕಲ್ಲಿನ ಪ್ಲೇಟ್ ಬೇರೆ ಬೇರೆ ಕಡೆ ಇಟ್ಟು, ಎರಡೂ ಒತ್ತಿದಾಗ ಮಾತ್ರ ಕೆಲಸ ಮಾಡುವ ಆ್ಯಂಡ್ ಗೇಟ್ ಕಟ್ಟಿ. ಸಾಲಾಗಿ ಮೂರು ಬ್ಲಾಕ್ ಇಡಿ. ಅಕ್ಕಪಕ್ಕದ ಎರಡರ ತಲೆಯ ಮೇಲೆ ರೆಡ್‌ಸ್ಟೋನ್ ಟಾರ್ಚ್ (ತಾನು ಕೂತ ಬ್ಲಾಕ್‌ಗೆ ಸಿಗ್ನಲ್ ಬಂದರೆ ಆರುವ, ಇಲ್ಲದಿದ್ದರೆ ಸಿಗ್ನಲ್ ಕೊಡುತ್ತಲೇ ಇರುವ ದೀಪ), ನಡುವಿನದರ ಮೇಲೆ ಡಸ್ಟ್. ನಡುವಿನ ಬ್ಲಾಕ್‌ನ ಮುಂಭಾಗಕ್ಕೆ ಮೂರನೇ ಟಾರ್ಚ್. ಎರಡು ಪ್ಲೇಟ್‌ಗಳ ವೈರ್ ಅಕ್ಕಪಕ್ಕದ ಬ್ಲಾಕ್‌ಗಳ ಹಿಂಬದಿಗೆ ಬರಲಿ. ಎರಡೂ ಒತ್ತಿದಾಗ ಮೇಲಿನ ಟಾರ್ಚ್‌ಗಳು ಆರುತ್ತವೆ, ಡಸ್ಟ್ ಆರುತ್ತದೆ, ಮುಂದಿನ ಟಾರ್ಚ್ ಹೊತ್ತಿಕೊಳ್ಳುತ್ತದೆ. ಅಲ್ಲಿಂದ ಬಾಗಿಲಿಗೆ ವೈರ್.

ಐದನೇ ಪ್ರಶ್ನೆ: ಬಂದದ್ದು ನೆನಪಿರಬೇಕಾ?

ಹೊಸಬರು ಬಿಡುವುದು ಇದನ್ನೇ. ಈವರೆಗೆ ಹೇಳಿದ ಸೆನ್ಸರ್‌ಗಳಿಗೆಲ್ಲ ಮರೆವು. ಆಟಗಾರ ಹೋದ, ಸಿಗ್ನಲ್ ಹೋಯಿತು. ಆದರೆ ಲೆವೆಲ್‌ನಲ್ಲಿ ಎಷ್ಟೋ ಸಂಗತಿಗಳು ಒಂದೇ ಸಲ ಆಗಬೇಕು. ಸೇತುವೆ ಒಮ್ಮೆ ಇಳಿದರೆ ಇಳಿದದ್ದೇ, ಮತ್ತೆ ಮತ್ತೆ ಏರಿಳಿದರೆ ಚೆನ್ನಾಗಿರುವುದಿಲ್ಲ.

ನಾನು ಬಳಸುವುದು ಒಂದು ಹಳ್ಳಿ ಮದ್ದು. ಮಾಮೂಲಿ ಪಿಸ್ಟನ್ ಮತ್ತು ಒಂದು ರೆಡ್‌ಸ್ಟೋನ್ ಬ್ಲಾಕ್, ಅಷ್ಟೇ. ಪಿಸ್ಟನ್ ಮಲಗಿಸಿ, ಅದರ ಮೂತಿಗೆ ತಾಗಿದಂತೆ ರೆಡ್‌ಸ್ಟೋನ್ ಬ್ಲಾಕ್ ಇಡಿ. ಮುಂದೆ ಒಂದು ಬ್ಲಾಕ್ ಖಾಲಿ ಬಿಡಿ. ಖಾಲಿ ಜಾಗದ ಆಚೆ ಬದಿಯಿಂದ ಡಸ್ಟ್ ಶುರುವಾಗಿ ಸೇತುವೆಗೆ ಹೋಗಲಿ. ಸೆನ್ಸರ್‌ನ ವೈರ್ ಪಿಸ್ಟನ್‌ನ ಹಿಂದಿನಿಂದ ಬರಲಿ, ರೆಡ್‌ಸ್ಟೋನ್ ಬ್ಲಾಕ್‌ಗೆ ಎಲ್ಲೂ ತಾಗಬಾರದು.

ಆಟಗಾರ ಸೆನ್ಸರ್‌ಗೆ ಸಿಕ್ಕ ಕೂಡಲೇ ಪಿಸ್ಟನ್ ರೆಡ್‌ಸ್ಟೋನ್ ಬ್ಲಾಕನ್ನು ಖಾಲಿ ಜಾಗಕ್ಕೆ ತಳ್ಳುತ್ತದೆ. ಈಗ ಅದು ಡಸ್ಟ್‌ಗೆ ತಾಗಿದೆ, ಲೈನ್ ಆನ್. ಸಿಗ್ನಲ್ ಹೋದಮೇಲೆ ಪಿಸ್ಟನ್ ಬರಿಗೈಯಲ್ಲಿ ಹಿಂದೆ ಸರಿಯುತ್ತದೆ. ಬ್ಲಾಕ್ ಅಲ್ಲೇ ಉಳಿಯುತ್ತದೆ, ಲೈನ್ ಆನ್ ಆಗಿಯೇ ಇರುತ್ತದೆ. ಇಲ್ಲಿ ಸ್ಟಿಕಿ ಪಿಸ್ಟನ್ ಹಾಕಿದರೆ ಬ್ಲಾಕನ್ನು ವಾಪಸ್ ಎಳೆದುಕೊಳ್ಳುತ್ತದೆ, ಎಲ್ಲ ಕೆಟ್ಟಿತು. ಕ್ರಿಯೇಟಿವ್ ಇನ್ವೆಂಟರಿಯಲ್ಲಿ ಎರಡೂ ಅಕ್ಕಪಕ್ಕ ಇರುವುದರಿಂದ ಈ ತಪ್ಪು ಸಲೀಸಾಗಿ ಆಗುತ್ತದೆ.

ಆಟ ಮತ್ತೆ ಮೊದಲಿಂದ ಆಡಬೇಕಾದರೆ? ಎದುರಿನಿಂದ ಇನ್ನೊಂದು ಪಿಸ್ಟನ್ ಇಟ್ಟು, ಡಸ್ಟನ್ನು ಖಾಲಿ ಜಾಗದ ಪಕ್ಕದಿಂದ ತೆಗೆದುಕೊಳ್ಳಿ. ಎದುರಿನ ಪಿಸ್ಟನ್‌ಗೆ ನಿಮ್ಮ ಗುಟ್ಟಿನ ಕೋಣೆಯಿಂದ ಒಂದು ಬಟನ್. ಒತ್ತಿದರೆ ಬ್ಲಾಕ್ ಮೊದಲ ಜಾಗಕ್ಕೆ. ಆ ಡಸ್ಟ್ ಎದುರಿನ ಪಿಸ್ಟನ್‌ಗೆ ತಾಗದ ಹಾಗೆ ನೋಡಿಕೊಳ್ಳಿ.

2024ರ ಜೂನ್‌ನ 1.21ರಲ್ಲಿ ಬಂದ ಕಾಪರ್ ಬಲ್ಬ್‌ಗೂ ನೆನಪಿದೆ. ಆದರೆ ಅದರ ನೆನಪು ಬೇರೆ ಥರ. ಒಂದು ಸಿಗ್ನಲ್‌ಗೆ ಹೊತ್ತುತ್ತದೆ, ಇನ್ನೊಂದಕ್ಕೆ ಆರುತ್ತದೆ. ಪಕ್ಕದಲ್ಲಿ ಕಂಪ್ಯಾರೇಟರ್ ಇಟ್ಟರೆ ಹೊತ್ತಿದಾಗ 15 ಸಿಗುತ್ತದೆ. ಕೋಣೆಗೆ ಬಂದಾಗ ದೀಪ, ಹೋಗುವಾಗ ಕತ್ತಲೆ, ಇಂಥದ್ದಕ್ಕೆ ಹೇಳಿಮಾಡಿಸಿದ್ದು. ಸೇತುವೆಗೆ ಬೇಡ. ಎರಡನೆಯವನು ಸೆನ್ಸರ್ ತುಳಿದರೆ ಮೊದಲನೆಯವನು ಸೇತುವೆಯ ಜೊತೆಗೇ ಹೊಳೆಗೆ.

ಆಟಗಾರರನ್ನು ಮಾತ್ರ ಗುರುತಿಸಬೇಕೆಂದರೆ

ಬ್ಲಾಕ್‌ಗಳಲ್ಲೇ ಒಂದು ಜಾಣ ಉಪಾಯವಿದೆ. ಟ್ರ್ಯಾಪ್ಡ್ ಚೆಸ್ಟ್. ಮಾಮೂಲಿ ಚೆಸ್ಟ್ ಥರವೇ ಕಾಣುತ್ತದೆ, ಚಿಲಕದ ಸುತ್ತ ಮಾತ್ರ ಸ್ವಲ್ಪ ಕೆಂಪು. ಕೋಳಿ ಚೆಸ್ಟ್ ತೆಗೆಯುವುದಿಲ್ಲ. ತೆಗೆದಿದೆ ಅಂದರೆ ಹೆಚ್ಚುಕಮ್ಮಿ ಆಟಗಾರನೇ. ಎಷ್ಟು ಜನ ತೆಗೆದು ನೋಡುತ್ತಿದ್ದಾರೋ ಅಷ್ಟೇ ಸಿಗ್ನಲ್, ಒಬ್ಬರಾದರೆ 1. ಆದ್ದರಿಂದ ಇದಕ್ಕೂ ರಿಪೀಟರ್ ಬೇಕು.

ಬರೀ ಬಂದದ್ದನ್ನೇ ಪತ್ತೆ ಮಾಡಬೇಕು, ಅದೂ ಆಟಗಾರರನ್ನು ಮಾತ್ರ ಅಂದರೆ ಕಮಾಂಡ್ ಬ್ಲಾಕ್. ಇದು ಇನ್ವೆಂಟರಿಯಲ್ಲಿ ಸುಮ್ಮನೆ ಸಿಗದಿದ್ದರೆ ಚಾಟ್‌ನಲ್ಲಿ ಗಿವ್ ಕಮಾಂಡ್ ಕೊಟ್ಟು ತರಿಸಿಕೊಳ್ಳಿ. ಬ್ಲಾಕ್ ತೆರೆದು ರಿಪೀಟ್ ಮತ್ತು ಆಲ್ವೇಸ್ ಆ್ಯಕ್ಟಿವ್ ಆರಿಸಿ. ಎಕ್ಸಿಕ್ಯೂಟ್, ಇಫ್, ಎಂಟಿಟಿ ಅನ್ನುವ ಮೂರು ಪದ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಆಮೇಲೆ ಅಟ್ ಚಿಹ್ನೆಗೆ ಅಂಟಿದಂತೆ ಸಣ್ಣ ಎ ಅಕ್ಷರ. ಅದರರ್ಥ "ಎಲ್ಲ ಆಟಗಾರರು". ಅದಕ್ಕೆ ಅಂಟಿದಂತೆ ಚೌಕ ಆವರಣದೊಳಗೆ ಡಿಸ್ಟನ್ಸ್, ಸಮ ಚಿಹ್ನೆ, ಎರಡು ಚುಕ್ಕಿ, 5. ಅಂದರೆ 5 ಬ್ಲಾಕ್ ಒಳಗೆ ಅಂತ. ಕಮಾಂಡ್ ಬ್ಲಾಕ್‌ಗೆ ತಾಗಿದಂತೆ ಕಂಪ್ಯಾರೇಟರ್ ಇಟ್ಟರೆ, ಆಟಗಾರ ಒಳಗಿರುವಷ್ಟು ಹೊತ್ತೂ ಸಿಗ್ನಲ್ ಬರುತ್ತಿರುತ್ತದೆ. ದೂರವನ್ನು ಅಳೆಯುವುದು ಕಮಾಂಡ್ ಬ್ಲಾಕ್‌ನಿಂದ, ಅದೂ ಗೋಲಾಕಾರದಲ್ಲಿ, ಗೋಡೆ ಚಾವಣಿ ಲೆಕ್ಕಕ್ಕಿಲ್ಲ. ಉಣ್ಣೆಯೂ ಇಲ್ಲಿ ನಡೆಯುವುದಿಲ್ಲ. ಅಂತಸ್ತುಗಳಿರುವ ಕೋಟೆಗೆ ಡಿಸ್ಟನ್ಸ್ ಬದಲು ಒಂದು ಮೂಲೆಯ ಎಕ್ಸ್, ವೈ, ಝಡ್ ಜೊತೆಗೆ ಡಿಎಕ್ಸ್, ಡಿವೈ, ಡಿಝಡ್ ಕೊಟ್ಟು ಪೆಟ್ಟಿಗೆಯಾಕಾರದ ಜಾಗ ಹೇಳುವುದು ಒಳ್ಳೆಯದು.

ನಾನು ಇದನ್ನು ಕಮ್ಮಿ ಬಳಸುತ್ತೇನೆ. ಕಮಾಂಡ್ ಬ್ಲಾಕ್‌ನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಬಗ್ಗಿ ನಡೆದರೂ ಉಪಯೋಗವಿಲ್ಲ. ತಪ್ಪಿಸಿಕೊಳ್ಳಲು ಆಗದ ಸೆನ್ಸರ್ ಇಟ್ಟರೆ ಆಟಗಾರನಿಗೆ ಮಾಡಲು ಏನೂ ಉಳಿಯುವುದಿಲ್ಲ.

ಪರೀಕ್ಷೆ

ಕ್ರಿಯೇಟಿವ್‌ನಲ್ಲಿ ಹಾರಾಡುತ್ತಾ ಪರೀಕ್ಷೆ ಮಾಡಬೇಡಿ, ಹಾರುವವನು ಪ್ಲೇಟ್ ತುಳಿಯುವುದೇ ಇಲ್ಲ. ಅಡ್ವೆಂಚರ್ ಮೋಡ್‌ಗೆ ಬದಲಾಯಿಸಿಕೊಂಡು ಒಂದೇ ಹಾದಿಯನ್ನು ಹಲವು ರೀತಿ ದಾಟಿ. ನಡೆದು, ಓಡಿ, ಓಡುತ್ತಾ ಜಿಗಿದು, ಬಗ್ಗಿ. ನಿಂತಲ್ಲಿಂದ ವಸ್ತು ಎಸೆದು ನೋಡಿ. ಬಾಣ ಬಿಟ್ಟು ನೋಡಿ. ಅರ್ಧಕ್ಕೆ ಬಂದು ವಾಪಸ್ ಹೋಗಿ. ಸತ್ತು ಮತ್ತೆ ಬನ್ನಿ. ನೆನಪಿಟ್ಟುಕೊಳ್ಳುವ ಸೆನ್ಸರ್ ಇದ್ದರೆ, ಎರಡನೇ ಸಲ ಬಂದವನಿಗೆ ಹಾದಿ ಮುಚ್ಚಿಹೋಗಿದೆಯಾ ನೋಡಲೇಬೇಕು.

ಆಮೇಲೆ ಕೋಟೆಯನ್ನು ಮಕ್ಕಳ ಕೈಗೆ ಕೊಡಿ, ನೀವು ಬಾಯಿ ಮುಚ್ಚಿಕೊಂಡು ಹಿಂದೆ ಕೂತು ನೋಡಿ. ನಾನು ಹಾಗೇ ಮಾಡಿದೆ. ದೊಡ್ಡವನು ಮೂರು ಸಲ ಓಡಿಹೋಗಿ ಮೂರು ಸಲವೂ ಬಾಗಿಲ ಹಿಂದೆ ಸಿಕ್ಕಿಬಿದ್ದ. ಚಿಕ್ಕವಳು ಕಾರ್ಪೆಟ್ ನೋಡಲೇ ಇಲ್ಲ. ಶಿಫ್ಟ್ ಒತ್ತಿ ಹಿಡಿದು, ಕಿಂಡಿಯಿಂದ ಚೆಸ್ಟ್‌ವರೆಗೆ ಪೂರ್ತಿ ದಾರಿ ಬಗ್ಗಿಕೊಂಡೇ ಬಂದಳು. ಸೆನ್ಸರ್‌ಗೆ ಒಂದು ಹೆಜ್ಜೆಯೂ ಕೇಳಿಸಲಿಲ್ಲ. ಗೆದ್ದೆ ಅಂತ ನನ್ನ ಕಡೆ ತಿರುಗಿ ನಕ್ಕಳು. ಬಗ್ಗಿದ್ದರೂ ಚೆಸ್ಟ್ ತೆಗೆಯುವ ಸದ್ದು ಅಡಗುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಚೆಸ್ಟ್‌ನ ಅಡಿಯಲ್ಲಿ ಎರಡನೇ ಸೆನ್ಸರ್ ಇತ್ತು, ಅದರ ಇನ್‌ಪುಟ್‌ಗೆ ಆರನೇ ಡಸ್ಟ್‌ನಿಂದ 10 ಕೊಟ್ಟಿದ್ದೆ.